ಸೀನ್ ಬಟನ್ ಒತ್ತಿದರೆ ಎರಡು ಮೂರು ಲೈಟ್ ಹಿಂದೆ ಉಳಿಯುತ್ತವೆ: ಕೀಪ್ಯಾಡ್, ಜಿಗ್ಬೀ, ರಿಲೇ ಎಲ್ಲ ಸೇರಿರುವ ಮನೆ

ಬನಶಂಕರಿ_3ನೇಹಂತ

ಎಲ್ಲರಿಗೂ ನಮಸ್ಕಾರ. ಮೊದಲು ಸೆಟಪ್ ಬರೀತೀನಿ, ಆಮೇಲೆ ತೊಂದರೆ.

ಹಾಲ್‌ನ ಫಾಲ್ಸ್ ಸೀಲಿಂಗ್‌ನಲ್ಲಿ 8 ಜಿಗ್ಬೀ (ಮನೆ ಸಾಧನಗಳು ತಮ್ಮೊಳಗೆ ಮಾತಾಡೋ ವೈರ್‌ಲೆಸ್ ಜಾಲ) ಡೌನ್‌ಲೈಟ್, ಜಿಗ್ಬೀ ಕಂಟ್ರೋಲರ್ ಇರೋ 2 ಕೋವ್ ಸ್ಟ್ರಿಪ್, ಡೈನಿಂಗ್ ಟೇಬಲ್ ಮೇಲೆ 1 ಹ್ಯಾಂಗಿಂಗ್ ಲೈಟ್. ಮುಂಬಾಗಿಲ ಪಕ್ಕ ಬ್ಯಾಟರಿಯ 4 ಬಟನ್ ಕೀಪ್ಯಾಡ್. ಪ್ಯಾಸೇಜ್‌ನಲ್ಲಿ ವೈರಿಂಗ್ ಕೊಟ್ಟಿರೋ 6 ಬಟನ್ ಕೀಪ್ಯಾಡ್, ಪ್ರತಿ ಬಟನ್‌ಗೂ ಒಂದು ಪುಟ್ಟ ಎಲ್‌ಇಡಿ ಇದೆ. ಡೈನಿಂಗ್‌ನ 8 ಮಾಡ್ಯೂಲ್ ಬೋರ್ಡ್ ಹಿಂದೆ 2 ವೈಫೈ ರಿಲೇ (ವೈಫೈ ಮೂಲಕ ಆನ್-ಆಫ್ ಆಗೋ ಪುಟ್ಟ ಸ್ವಿಚ್). ಹೋಮ್ ಅಸಿಸ್ಟೆಂಟ್ (ಮನೆಯ ಆಟೊಮೇಷನ್ ನಡೆಸೋ ಸಾಫ್ಟ್‌ವೇರ್), ಜಿಗ್ಬೀ2ಎಂಕ್ಯೂಟಿಟಿ (ಅದನ್ನ ಜಿಗ್ಬೀ ಸಾಧನಗಳಿಗೆ ಜೋಡಿಸೋ ಸಾಫ್ಟ್‌ವೇರ್) ಎರಡೂ ಒಂದು ಮಿನಿ ಪಿಸಿಯಲ್ಲಿ ಓಡ್ತವೆ, ಅದೇ ನಮ್ಮ ಹಬ್. ಜಿಗ್ಬೀ ಡಾಂಗಲ್ (ಜಿಗ್ಬೀ ರೇಡಿಯೋ ಇರೋ ಯುಎಸ್‌ಬಿ ಕಡ್ಡಿ) ಅದರ ಹಿಂದಿನ ಯುಎಸ್‌ಬಿಗೆ ನೇರವಾಗಿ ಚುಚ್ಚಿದೆ.

ತೊಂದರೆಗಳು:
1. "ಸಂಜೆ" ಸೀನ್ (ಒಂದೇ ಬಟನ್‌ಗೆ ಹಲವು ಲೈಟ್ ಬೇಕಾದ ಮಟ್ಟಕ್ಕೆ ಬರೋ ಹಾಗೆ ಉಳಿಸಿದ್ದು) ಒತ್ತಿದರೆ ಎರಡು ಮೂರು ಡೌನ್‌ಲೈಟ್ ಹಳೇ ಬ್ರೈಟ್‌ನೆಸ್‌ನಲ್ಲೇ ಉಳೀತವೆ. ಪ್ರತಿ ಸಲ ಬೇರೆ ಬೇರೆ ಲೈಟ್.
2. ಬ್ಯಾಟರಿ ಕೀಪ್ಯಾಡ್ ಒತ್ತಿದ ಮೇಲೆ ಲೈಟ್ ಬರೋಕೆ ಅರ್ಧ ಸೆಕೆಂಡಿಗಿಂತ ಹೆಚ್ಚು.
3. ಪ್ಯಾಸೇಜ್ ಕೀಪ್ಯಾಡ್‌ನ ಎಲ್‌ಇಡಿ ಸುಳ್ಳು ಹೇಳುತ್ತೆ. ಸೀನ್ ಆಗಿದ್ದರೂ ಆರಿರುತ್ತೆ, ಎಲ್ಲ ಆಫ್ ಆದ ಮೇಲೂ ಉರೀತಿರುತ್ತೆ.
4. ಡೈನಿಂಗ್‌ನ ಒಂದು ರಿಲೇ ತಾನೇ ಆನ್ ಆಗುತ್ತೆ.
5. ರಾತ್ರಿ ಕರೆಂಟ್ ಹೋಗಿ ಬಂದರೆ ಎಲ್ಲ ಲೈಟೂ ಪೂರ್ತಿ ಬೆಳಕಲ್ಲಿ ಎದ್ದು ಕೂರ್ತವೆ.

ಎಲ್ಲಿಂದ ಶುರು ಮಾಡ್ಲಿ?

ರೇಡಿಯೋರಂಗ

ಸರ್, ಐದೂ ಬೇರೆ ಬೇರೆ ಕಾಯಿಲೆ. ಒಂದೇ ಔಷಧಿ ಹುಡುಕಿದರೆ ಸಿಗುವುದಿಲ್ಲ.

ಯಾವ ಬಟನ್ ತೊಂದರೆಗೂ ಮೊದಲ ಕೆಲಸ ದಾರಿಯನ್ನು ಮೂರು ತುಂಡು ಮಾಡುವುದು: ಬಟನ್ ಒತ್ತಿದ್ದು ಹಬ್‌ಗೆ ಮುಟ್ಟಿತೇ, ಹಬ್ ಆಜ್ಞೆ ಕಳಿಸಿತೇ, ಲೈಟ್ ಅದನ್ನು ಪಾಲಿಸಿತೇ. ಜಿಗ್ಬೀ2ಎಂಕ್ಯೂಟಿಟಿಯ ಲಾಗ್ ತೆರೆದು, ಲಾಗ್ ಮಟ್ಟವನ್ನು ಡೀಬಗ್‌ಗೆ ಇಟ್ಟು, ಬಟನ್ ಒಮ್ಮೆ ಒತ್ತಿ. ಒತ್ತಿದ ಕೂಡಲೇ "ಆಕ್ಷನ್" ಸಾಲು ಬಂದರೆ ಕೀಪ್ಯಾಡ್ ಸರಿ ಇದೆ. ಅದರ ಹಿಂದೆಯೇ ಲೈಟ್‌ಗಳಿಗೆ ಹೋದ ಸಾಲುಗಳು ಕಾಣಬೇಕು. ಆಮೇಲೆ ಪ್ರತಿ ಲೈಟೂ ತನ್ನ ಹೊಸ ಸ್ಥಿತಿ ಹೇಳಬೇಕು. ಯಾವ ಹಂತದಲ್ಲಿ ಸಾಲು ನಿಂತಿತೋ ರಿಪೇರಿ ಅಲ್ಲಿ. ಇದನ್ನು ನೋಡದೆ ಬಲ್ಬ್ ರೀಸೆಟ್ ಮಾಡುತ್ತಾ ಕೂತರೆ ಇದ್ದ ಗ್ರೂಪ್‌ಗಳೂ ಹೋಗುತ್ತವೆ.

ಇನ್ನೊಂದು ಪ್ರಶ್ನೆ: ನಿಮ್ಮ "ಸಂಜೆ" ಸೀನ್ ಇರುವುದು ಎಲ್ಲಿ? ಹೋಮ್ ಅಸಿಸ್ಟೆಂಟ್‌ನಲ್ಲೋ, ಬಲ್ಬ್‌ಗಳ ಒಳಗೋ, ತಯಾರಕರ ಕ್ಲೌಡ್‌ನಲ್ಲೋ? ಮೂರರ ಸ್ವಭಾವವೂ ಬೇರೆ.

ಹೊಸಕೆರೆಹಳ್ಳಿ

ಡೌನ್‌ಲೈಟ್‌ಗಳ ಹಳೇ ಗೋಡೆ ಸ್ವಿಚ್ ಇನ್ನೂ ಕೆಲಸ ಮಾಡ್ತಿದೆಯಾ? ಮನೆಯಲ್ಲಿ ಯಾರಾದರೂ ಅದನ್ನ ಆಫ್ ಮಾಡಿದರೆ ಜಿಗ್ಬೀ ಲೈಟ್ ಸತ್ತ ಹಾಗೆ. ಅದರ ಮೂಲಕ ಸಿಗ್ನಲ್ ದಾಟಿಸಿಕೊಳ್ಳುತ್ತಿದ್ದ ಬೇರೆ ಲೈಟ್, ಕೀಪ್ಯಾಡ್ ಕೂಡ ದಾರಿ ತಪ್ಪುತ್ತವೆ.

ಬನಶಂಕರಿ_3ನೇಹಂತ

ಗೋಡೆ ಸ್ವಿಚ್ ತೆಗೆದು ಒಳಗೆ ನೇರ ಜೋಡಿಸಿದ್ದೀವಿ, ಡಮ್ಮಿ ಪ್ಲೇಟ್ ಇದೆ. ಸೀನ್ ಇರೋದು ಹೋಮ್ ಅಸಿಸ್ಟೆಂಟ್‌ನಲ್ಲಿ. ಲಾಗ್ ನೋಡಿದೆ: ಆಕ್ಷನ್ ಸಾಲು ತಡವಾಗಿ ಬರುತ್ತೆ, ಆದರೆ ಪ್ರತಿ ಸಲ ಬರುತ್ತೆ. ಅದಾದ ಮೇಲೆ 20ಕ್ಕೂ ಹೆಚ್ಚು ಸಾಲು ಒಟ್ಟಿಗೆ ಹೋಗ್ತವೆ. ಮಧ್ಯೆ ಕೆಲವು ಲೈಟ್‌ಗೆ "ಪಬ್ಲಿಶ್ ಫೇಲ್ಡ್, ನೋ ಆಕ್" (ಸ್ವೀಕೃತಿ ಬರಲಿಲ್ಲ) ಅಂತ ಬರುತ್ತೆ.

ರೇಡಿಯೋರಂಗ

ಮೊದಲ ತೊಂದರೆಯ ಉತ್ತರ ಆ ಸಾಲುಗಳಲ್ಲೇ ಇದೆ.

ಹೋಮ್ ಅಸಿಸ್ಟೆಂಟ್‌ನ ಸೀನ್ ಅಂದರೆ ಒಂದು ಪಟ್ಟಿ. ಅದನ್ನು ಕರೆದಾಗ 11 ಲೈಟ್‌ಗೆ 11 ಪ್ರತ್ಯೇಕ ಆಜ್ಞೆ ಹೋಗುತ್ತದೆ. ಬ್ರೈಟ್‌ನೆಸ್‌ಗೆ ಒಂದು, ಬಿಳಿ ಬೆಳಕಿನ ಬಣ್ಣಕ್ಕೆ ಇನ್ನೊಂದು, ಹಾಗಾಗಿ ಇಪ್ಪತ್ತು ದಾಟುತ್ತದೆ. ಪ್ರತಿಯೊಂದಕ್ಕೂ ಲೈಟ್ ಸ್ವೀಕೃತಿ ಕಳಿಸಬೇಕು, ದೂರದ್ದಾದರೆ ನಡುವಿನ ಲೈಟ್ ದಾಟಿಸಬೇಕು. ಎಲ್ಲ ಒಂದೇ ಕ್ಷಣ ನುಗ್ಗಿದಾಗ ಕೆಲವು ಬಿದ್ದು ಹೋಗುತ್ತವೆ. ಹ್ಯೂ ಬ್ರಿಡ್ಜ್‌ಗೆ (ಅದೂ ಒಂದು ಜಿಗ್ಬೀ ಹಬ್) ಫಿಲಿಪ್ಸ್ ಹೇಳಿರುವ ಮಿತಿ ನೋಡಿ: ಒಂಟಿ ಲೈಟ್‌ಗಳಿಗೆ ಸೆಕೆಂಡಿಗೆ ಸುಮಾರು 10 ಆಜ್ಞೆ, ಗ್ರೂಪ್‌ಗೆ ಸೆಕೆಂಡಿಗೆ 1. ನಿಮ್ಮ ಜಾಲಕ್ಕೂ ಅದೇ ಅಳತೆ ಇಟ್ಟುಕೊಳ್ಳಿ.

ಪರಿಹಾರ: ಸೀನ್ ಅನ್ನು ಲೈಟ್‌ಗಳ ಒಳಗೇ ಉಳಿಸಿ. ಜಿಗ್ಬೀಯಲ್ಲಿ ಇದಕ್ಕೆಂದೇ ಗ್ರೂಪ್, ಸೀನ್ ಎರಡೂ ವ್ಯವಸ್ಥೆ ಇವೆ.

ಜಿಗ್ಬೀ2ಎಂಕ್ಯೂಟಿಟಿಯ ಗ್ರೂಪ್ಸ್ ಪುಟದಲ್ಲಿ "ಹಾಲ್" ಎಂಬ ಗ್ರೂಪ್ ಮಾಡಿ 11 ಲೈಟ್ ಸೇರಿಸಿ. ಒಂದೊಂದಾಗಿ ಸೇರಿಸಿ, ಪ್ರತಿಯೊಂದೂ ಯಶಸ್ವಿಯಾಯಿತು ಎಂದು ಬಂದ ಮೇಲೆ ಮುಂದಿನದು. ಆಮೇಲೆ ಪ್ರತಿ ಲೈಟನ್ನೂ ಸಂಜೆಗೆ ಬೇಕಾದ ಹಾಗೆ ಹೊಂದಿಸಿ, ಉದಾಹರಣೆಗೆ ಡೌನ್‌ಲೈಟ್ 30%, ಕೋವ್ 60%, ಹ್ಯಾಂಗಿಂಗ್ 45%. ಬೆಳಕು ಪೂರ್ತಿ ನಿಂತ ಮೇಲೆ ಮಾತ್ರ ಗ್ರೂಪ್‌ನ ಸೀನ್ ಭಾಗದಲ್ಲಿ ಸಂಖ್ಯೆ, ಹೆಸರು ಕೊಟ್ಟು ಸ್ಟೋರ್ ಒತ್ತಿ. ಇನ್ನೂ ಮಂದವಾಗುತ್ತಿರುವಾಗ ಒತ್ತಿದರೆ ಅರ್ಧದಾರಿಯ ಮಟ್ಟ ಉಳಿಯುವ ಸಾಧ್ಯತೆ ಇದೆ. ಸಂಖ್ಯೆ 1ರಿಂದ ಶುರು ಮಾಡಿ. 0 ಬೇಡ, ಜಿಗ್ಬೀಯಲ್ಲಿ ಗ್ರೂಪ್ 0, ಸೀನ್ 0 ಎಂಬ ಜೋಡಿ ಬೇರೆ ಕೆಲಸಕ್ಕೆ ಮೀಸಲು. ಹೋಮ್ ಅಸಿಸ್ಟೆಂಟ್‌ನಲ್ಲಿ ಇದು ಹೊಸ ಸೀನ್ ಆಗಿ ತಾನೇ ಕಾಣಿಸಿಕೊಳ್ಳುತ್ತದೆ, ಬಟನ್‌ಗೆ ಅದನ್ನು ಕಟ್ಟಿ.

ಈಗ ಗಾಳಿಯಲ್ಲಿ ಹೋಗುವುದು ಒಂದೇ ಸಂದೇಶ: "ಹಾಲ್ ಗ್ರೂಪ್, ಸೀನ್ 1". 11 ಲೈಟೂ ಒಟ್ಟಿಗೆ ಏಳುತ್ತವೆ.

ಕಾಯಿಲೆ ಗುರುತಿಸಲು ಒಂದು ಸೂತ್ರ. ಪ್ರತಿ ಸಲ *ಬೇರೆ ಬೇರೆ* ಲೈಟ್ ಉಳಿದರೆ ಅದು ರೇಡಿಯೋ ದಟ್ಟಣೆ. ಪ್ರತಿ ಸಲ *ಅದೇ* ಲೈಟ್ ಉಳಿದರೆ ಅದು ಗ್ರೂಪ್‌ನಿಂದ ಹೊರಗೆ ಬಿದ್ದಿದೆ, ಅಥವಾ ಅದರೊಳಗೆ ಸೀನ್ ಇಲ್ಲ. ಫ್ಯಾಕ್ಟರಿ ರೀಸೆಟ್ ಆದ ಲೈಟ್ ಗ್ರೂಪ್, ಸೀನ್ ಎರಡನ್ನೂ ಮರೆಯುತ್ತದೆ, ಹಾಗಾಗಿ ಮತ್ತೆ ಜೋಡಿಸಿದ ಮೇಲೆ ಎರಡನ್ನೂ ಮತ್ತೆ ಕೊಡಬೇಕು.

ಮಲ್ಲೇಶ್ವರದವ್ಳು

ರಂಗ ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸ್ತೀನಿ. ಗ್ರೂಪ್ ಸಂದೇಶಕ್ಕೆ ಸ್ವೀಕೃತಿ ಇರಲ್ಲ. ಸಿಗ್ನಲ್ ಕ್ಷೀಣ ಇರೋ ಮೂಲೆಯ ಲೈಟ್ ಅದನ್ನ ಕೇಳಿಸಿಕೊಳ್ಳದಿದ್ದರೆ ಹಬ್‌ಗೆ ಗೊತ್ತಾಗೋದೇ ಇಲ್ಲ. ಒಂದು ಸೆಕೆಂಡ್ ಬಿಟ್ಟು ಅದೇ ಸೀನ್ ಇನ್ನೊಮ್ಮೆ ಕಳಿಸೋದು ಸುಲಭ ಉಪಾಯ. ಸೀನ್ ಎರಡು ಸಲ ಬಂದರೂ ಫಲಿತಾಂಶ ಒಂದೇ, ಹಾನಿ ಇಲ್ಲ.

"ಟಾಗಲ್" ಮಾತ್ರ ಯಾವತ್ತೂ ಗ್ರೂಪ್‌ಗೆ ಕಳಿಸಬೇಡಿ. ಪ್ರತಿ ಲೈಟೂ ತನ್ನ ತನ್ನ ಸ್ಥಿತಿಯನ್ನೇ ತಿರುಗಿಸುತ್ತೆ. ಒಂದು ಲೈಟ್ ಆಫ್ ಇದ್ದರೆ ಆಮೇಲೆ ಅದು ಯಾವಾಗಲೂ ಉಳಿದವಕ್ಕೆ ಉಲ್ಟಾ. "ಅರ್ಧ ಲೈಟ್ ಆನ್, ಅರ್ಧ ಆಫ್" ಅನ್ನೋ ದೂರು ಬಂದರೆ ನಾನು ಮೊದಲು ನೋಡೋದು ಇದನ್ನೇ. ಹಬ್‌ನಲ್ಲಿ "ಯಾವುದಾದರೂ ಒಂದು ಆನ್ ಇದ್ದರೆ ಎಲ್ಲ ಆಫ್, ಇಲ್ಲದಿದ್ದರೆ ಸೀನ್ 1" ಅಂತ ಸ್ಪಷ್ಟವಾಗಿ ಬರೀರಿ.

ಒತ್ತಿ ಹಿಡಿದು ಮಂದ ಮಾಡೋ ಬಟನ್‌ಗೂ ಇದೇ ಜಾಗ್ರತೆ. ಹಿಡಿದಷ್ಟು ಹೊತ್ತೂ 5%, 5% ಅಂತ ಕಳಿಸ್ತಾ ಹೋದರೆ ಜಾಲ ಉಸಿರುಗಟ್ಟುತ್ತೆ. ಹಿಡಿದಾಗ "ಬ್ರೈಟ್‌ನೆಸ್ ಮೂವ್" ಒಂದು, ಬಿಟ್ಟಾಗ ನಿಲ್ಲಿಸೋಕೆ ಮೂವ್ 0 ಒಂದು, ಎರಡೇ ಸಂದೇಶ ಸಾಕು. ಮಟ್ಟ 0–254ರ ನಡುವೆ ಇರೋದರಿಂದ ಮೂವ್ 40 ಕೊಟ್ಟರೆ ಪೂರ್ತಿ ಏರೋಕೆ ಆರು ಸೆಕೆಂಡಿನಷ್ಟು ಆಗುತ್ತೆ, ಕೈಗೆ ಹಿತವಾದ ವೇಗ.

ಎರಡನೇ ತೊಂದರೆ, ತಡ. ಆಕ್ಷನ್ ಸಾಲೇ ತಡವಾಗಿ ಬರ್ತಿದೆ ಅಂದ್ರಿ. ಕೀಪ್ಯಾಡ್ ಡಬಲ್ ಪ್ರೆಸ್ ಬರುತ್ತಾ ಅಂತ ಕಾಯ್ತಿದೆ. ಒಮ್ಮೆ ಒತ್ತಿದ್ದು ಒಮ್ಮೆಯೇ ಅಂತ ಖಾತ್ರಿ ಆಗೋವರೆಗೂ ಅದು ಮಾತಾಡಲ್ಲ. ನಿಮ್ಮ ಹಬ್ ಎಷ್ಟೇ ವೇಗವಾಗಿದ್ದರೂ ಇದನ್ನ ಕಡಿಮೆ ಮಾಡೋಕಾಗಲ್ಲ. ಕೆಲವು ಕೀಪ್ಯಾಡ್‌ಗಳಲ್ಲಿ ಡಬಲ್ ಪ್ರೆಸ್ ಆಫ್ ಮಾಡೋ ಸೆಟ್ಟಿಂಗ್ ಇರುತ್ತೆ. ಕೆಲವಲ್ಲಿ "ಕಮಾಂಡ್", "ಈವೆಂಟ್" ಅಂತ ಎರಡು ಮೋಡ್. ಕಮಾಂಡ್ ಮೋಡ್‌ನಲ್ಲಿ ಆನ್, ಆಫ್, ಹೆಚ್ಚು, ಕಡಿಮೆ ಅಂತ ನೇರ ಆಜ್ಞೆ ಬರುತ್ತೆ. ಈವೆಂಟ್ ಮೋಡ್‌ನಲ್ಲಿ ಪ್ರತಿ ಬಟನ್‌ಗೂ ಸಿಂಗಲ್, ಡಬಲ್, ಹೋಲ್ಡ್. ನಾಲ್ಕು ಸೀನ್ ಸಾಕು ಅನ್ನೋರು ಡಬಲ್ ಪ್ರೆಸ್ ಆಸೆ ಬಿಡೋದೇ ಒಳ್ಳೇದು. ಮನೆಗೆ ಬಂದ ಅತಿಥಿ ಯಾರೂ ಡಬಲ್ ಪ್ರೆಸ್ ಮಾಡಲ್ಲ.

ಆಟೊಮೇಷನ್‌ನ ಮೋಡ್ ಸಹ ನೋಡಿ. ಹೋಮ್ ಅಸಿಸ್ಟೆಂಟ್‌ನಲ್ಲಿ ಮೊದಲೇ ಇರೋದು "ಸಿಂಗಲ್". ಒಳಗೆ 5 ಸೆಕೆಂಡಿನ ಕಾಯುವಿಕೆ ಇದ್ದರೆ ಆ 5 ಸೆಕೆಂಡಿನಲ್ಲಿ ಒತ್ತಿದ್ದು ಕಸದ ಬುಟ್ಟಿಗೆ. ಬಟನ್‌ಗೆ "ರೀಸ್ಟಾರ್ಟ್" ಸರಿ. ಮತ್ತೆ, ಜಿಗ್ಬೀ2ಎಂಕ್ಯೂಟಿಟಿ 2.0ಗೆ ಏರಿಸಿದ ಮೇಲೆ ಬಟನ್‌ಗಳೆಲ್ಲ ಒಮ್ಮೆಲೇ ಸುಮ್ಮನಾದರೆ ಹಳೇ ಆಕ್ಷನ್ ಸೆನ್ಸರ್ ಮೇಲೆ ಬರೆದ ಆಟೊಮೇಷನ್ ಕಾರಣ. ಡಿವೈಸ್ ಟ್ರಿಗರ್‌ಗೆ ಬದಲಿಸಿ.

ಹೊಸಕೆರೆಹಳ್ಳಿ

ಹಬ್ಬೇ ಬೇಡ, ಕೀಪ್ಯಾಡನ್ನ ನೇರ ಗ್ರೂಪ್‌ಗೆ ಬೈಂಡ್ ಮಾಡಿದರೆ ಆಗಲ್ವಾ? ಮಿನಿ ಪಿಸಿ ಸತ್ತರೂ ಲೈಟ್ ಬರುತ್ತೆ.

ಮಲ್ಲೇಶ್ವರದವ್ಳು

ಆಗುತ್ತೆ. ಮುಂಬಾಗಿಲ ಬಟನ್‌ಗೆ ನನ್ನ ಮತ ಅದಕ್ಕೇ. ಆದರೆ ಕೀಪ್ಯಾಡ್ ಕಮಾಂಡ್ ಮೋಡ್‌ನಲ್ಲಿ ಇರಬೇಕು, ಈವೆಂಟ್ ಮೋಡ್‌ನವನ್ನ ಬೈಂಡ್ ಮಾಡಿದರೂ ಲೈಟ್‌ಗೆ ಅದರ ಭಾಷೆ ಅರ್ಥ ಆಗಲ್ಲ. ಬ್ಯಾಟರಿ ಕೀಪ್ಯಾಡ್ ಯಾವಾಗಲೂ ಮಲಗಿರುತ್ತೆ, ಹಾಗಾಗಿ ಪರದೆಯಲ್ಲಿ ಬೈಂಡ್ ಒತ್ತೋ ಮುಂಚೆ ಕೀಪ್ಯಾಡ್‌ನ ಯಾವುದಾದರೂ ಬಟನ್ ಒತ್ತಿ ಎಬ್ಬಿಸಬೇಕು. "ಬೈಂಡ್ ಫೇಲ್" ಅನ್ನೋ ದೂರಲ್ಲಿ ಬಹಳಷ್ಟು ಇಷ್ಟೇ.

ರೇಡಿಯೋರಂಗ

ಡಾಂಗಲ್ ಮಿನಿ ಪಿಸಿಗೆ ನೇರ ಚುಚ್ಚಿದೆ ಎಂದು ಬರೆದಿದ್ದೀರಿ. ಮೊದಲು ಅದನ್ನು ಬಿಡಿಸಿ. ಯುಎಸ್‌ಬಿ 3.0 ಪೋರ್ಟ್ ಮತ್ತು ಅದಕ್ಕೆ ಜೋಡಿಸಿದ ಡಿಸ್ಕ್ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಮಾಡುತ್ತವೆ, ಜಿಗ್ಬೀ ಮಾತಾಡುವುದೂ ಅಲ್ಲೇ. ಎಸ್‌ಪಿ ರೋಡ್‌ನ ಯಾವ ಅಂಗಡಿಯಲ್ಲಾದರೂ ಸಿಗುವ 1 ಅಥವಾ 1.5 ಮೀಟರ್ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ತಂದು, ಡಾಂಗಲನ್ನು ಪಿಸಿ, ರೂಟರ್ ಎರಡರಿಂದಲೂ ದೂರ, ತೆರೆದ ಜಾಗದಲ್ಲಿ ನಿಲ್ಲಿಸಿ. ಇಡೀ ಮನೆಗೆ ಮಾಡಬಹುದಾದ ಅತಿ ಅಗ್ಗದ ರಿಪೇರಿ ಇದೇ. ಬೇರೆ ಏನೂ ಮುಟ್ಟುವ ಮುಂಚೆ ಇದನ್ನೊಂದು ಮಾಡಿ ಲಾಗ್ ನೋಡಿ.

ಆಮೇಲೆ ಚಾನೆಲ್. ವೈಫೈ 1, 6, 11 ಚಾನೆಲ್‌ಗಳ ಕೆಳಗೆ ಜಿಗ್ಬೀಯ 11–14, 16–19, 21–24 ಮುಳುಗುತ್ತವೆ. ಸಂದಿಯಲ್ಲಿ ಉಳಿಯುವುದು 15, 20, 25, 26. ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರ ರೂಟರ್ ಇರುವುದರಿಂದ 25 ನನ್ನ ಮೊದಲ ಆಯ್ಕೆ. 26ರಲ್ಲಿ ಕೆಲವು ಸಾಧನಗಳು ಕಡಿಮೆ ಶಕ್ತಿಯಲ್ಲಿ ಪ್ರಸಾರ ಮಾಡುತ್ತವೆ, ಕೆಲವು ಸೇರುವುದೇ ಇಲ್ಲ. ನಿಮ್ಮ ರೂಟರ್‌ನ 2.4 ಪಟ್ಟಿಯ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿ. ಚಾನೆಲ್ ಬದಲಿಸಿದರೆ ಮೇನ್ಸ್‌ನಲ್ಲಿರುವ ಲೈಟ್‌ಗಳು ಸಾಮಾನ್ಯವಾಗಿ ತಾವೇ ಹಿಂಬಾಲಿಸುತ್ತವೆ. ಬ್ಯಾಟರಿ ಕೀಪ್ಯಾಡನ್ನು ಮತ್ತೆ ಜೋಡಿಸಬೇಕಾಗಬಹುದು. ಆದ್ದರಿಂದ ಒಮ್ಮೆ ಯೋಚಿಸಿ ಆರಿಸಿ, ಪದೇ ಪದೇ ಬದಲಿಸಬೇಡಿ.

ಗ್ಯಾಂಗ್‌ಬಾಕ್ಸ್

ನಾಲ್ಕನೇದು ನನ್ನ ಏರಿಯಾ. ರಿಲೇ ತಾನೇ ಆನ್ ಆಗೋದು. ಸರ್, ಆ ಸ್ವಿಚ್‌ನಲ್ಲಿ ಕೆಂಪು ಇಂಡಿಕೇಟರ್ ಲೈಟ್ ಇದೆಯಾ?

ಬನಶಂಕರಿ_3ನೇಹಂತ

ಇದೆ. ತಾನೇ ಆನ್ ಆಗೋ ರಿಲೇಯ ಸ್ವಿಚ್‌ಗೆ ಮಾತ್ರ. ಇನ್ನೊಂದಕ್ಕೆ ಇಲ್ಲ.

ಗ್ಯಾಂಗ್‌ಬಾಕ್ಸ್

ಕಳ್ಳ ಸಿಕ್ಕ. ಇಂಡಿಕೇಟರ್ ಸ್ವಿಚ್ ಒಳಗೆ ಪುಟ್ಟ ನಿಯಾನ್ ಇರುತ್ತೆ. ಸ್ವಿಚ್ ಆಫ್ ಇದ್ದರೂ ಅದರ ಮೂಲಕ ಸ್ವಲ್ಪ ಕರೆಂಟ್ ಸೋರುತ್ತೆ. ಸಾಮಾನ್ಯ ಬಲ್ಬ್‌ಗೆ ಅದು ಲೆಕ್ಕಕ್ಕಿಲ್ಲ. ರಿಲೇಯ ಇನ್‌ಪುಟ್ ತುಂಬಾ ಸೂಕ್ಷ್ಮ, ಆ ಸೋರಿಕೆಯನ್ನೇ "ಸ್ವಿಚ್ ಒತ್ತಿದರು" ಅಂತ ಓದುತ್ತೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿ, ಮುಗೀತು.

ಇಂಡಿಕೇಟರ್ ಇಲ್ಲದೇನೂ ಹೀಗೆ ಆಗೋ ಮನೆಗಳಿವೆ. ಸ್ವಿಚ್‌ನಿಂದ ರಿಲೇಗೆ ಬರೋ ವೈರ್ ಉದ್ದ ಇದ್ದು, ಗೀಸರ್ ಅಥವಾ ಎಸಿ ಲೈನ್ ಜೊತೆ ಒಂದೇ ಕಂಡ್ಯೂಟ್ ಪೈಪ್‌ನಲ್ಲಿ ಓಡಿದ್ದರೆ ಪಕ್ಕದ ವೈರ್‌ನಿಂದ ವೋಲ್ಟೇಜ್ ಹತ್ತುತ್ತೆ. ಸ್ವಿಚ್ ಆಫ್ ಇಟ್ಟು ಇನ್‌ಪುಟ್‌ಗೂ ನ್ಯೂಟ್ರಲ್‌ಗೂ ಮಧ್ಯೆ ಮಲ್ಟಿಮೀಟರ್ ಇಟ್ಟರೆ ಹತ್ತಾರು ವೋಲ್ಟ್ ತೋರಿಸುತ್ತೆ. ಆಗ ಸ್ವಿಚ್ ವೈರ್ ಬೇರೆ ಪೈಪ್‌ಗೆ ತರಬೇಕು, ಇಲ್ಲಾಂದ್ರೆ ಆ ಜಾಗಕ್ಕೆ ಬ್ಯಾಟರಿ ಬಟನ್ ಹಾಕಬೇಕು. ಅದೇ ರಿಲೇಯಲ್ಲಿ ಫ್ಯಾನ್ ಅಥವಾ ಎಕ್ಸಾಸ್ಟ್ ಇದ್ದು, ಅದು ಆಫ್ ಆದ ಕ್ಷಣ ರಿಲೇ ರೀಸ್ಟಾರ್ಟ್ ಆಗ್ತಿದ್ದರೆ ಲೋಡ್‌ಗೆ ಅಡ್ಡಲಾಗಿ ಆರ್‌ಸಿ ಸ್ನಬ್ಬರ್ (ಆಫ್ ಆಗೋ ಕ್ಷಣದ ವೋಲ್ಟೇಜ್ ಏರಿಕೆ ತಗ್ಗಿಸೋ ಪುಟ್ಟ ಭಾಗ) ಹಾಕಿ. 0.1 ಮೈಕ್ರೋಫ್ಯಾರಡ್, 100 ಓಮ್, ಮೇನ್ಸ್‌ಗೆ ತಕ್ಕ ರೆಡಿಮೇಡ್ ಸಿಗುತ್ತೆ.

ಇನ್ನು ನ್ಯೂಟ್ರಲ್. ನಮ್ಮ ಕಡೆ ಪ್ಲಗ್ ಪಾಯಿಂಟ್ ಇರೋ ಬೋರ್ಡ್‌ನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತೆ. ಅದಕ್ಕೇ ಜನ ಪ್ಲಗ್‌ನ ನ್ಯೂಟ್ರಲ್ ತಗೊಂಡು ರಿಲೇಗೆ ಕೊಡ್ತಾರೆ. ಮೊದಲು ನೋಡಬೇಕಾದ್ದು: ಲೈಟ್‌ನ ಫೇಸ್, ಪ್ಲಗ್‌ನ ನ್ಯೂಟ್ರಲ್ ಎರಡೂ ಒಂದೇ ಸರ್ಕ್ಯೂಟಾ? ತ್ರೀ ಫೇಸ್ ಮನೆಯಲ್ಲಿ ಲೈಟ್ ಇನ್ವರ್ಟರ್ ಲೈನ್‌ನಲ್ಲಿ, ಪ್ಲಗ್ ಬೇರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಸ್ವಿಚ್) ಕೆಳಗೆ ಇರೋದು ಸಾಮಾನ್ಯ. ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಸೇರಿಸಿದರೆ ಹೋದ ಕರೆಂಟ್ ಅದೇ ದಾರಿಯಲ್ಲಿ ವಾಪಸ್ ಬರಲ್ಲ, ಆರ್‌ಸಿಸಿಬಿ ಟ್ರಿಪ್ ಆಗುತ್ತೆ. ಆಮೇಲೆ "ಸ್ಮಾರ್ಟ್ ಸ್ವಿಚ್ ಹಾಕಿದ ಮೇಲೆ ಮನೆ ಟ್ರಿಪ್ ಆಗ್ತಿದೆ" ಅಂತಾರೆ. ಸ್ವಿಚ್ಚಿನದಲ್ಲ, ನ್ಯೂಟ್ರಲ್‌ದು.

ಬೋರ್ಡ್ ಬಿಚ್ಚೋ ಮುಂಚೆ ಮೇನ್ ಎಂಸಿಬಿ ಆಫ್ ಮಾಡಿದರೆ ಸಾಲದು. ಇನ್ವರ್ಟರ್ ತಕ್ಷಣ ಕೈಗೆತ್ತಿಕೊಂಡು ಆ ಲೈನ್‌ಗೆ 230 ವೋಲ್ಟ್ ಕೊಡುತ್ತೆ. ಎರಡನ್ನೂ ಆಫ್ ಮಾಡಿ, ಟೆಸ್ಟರ್ ಒಂದನ್ನೇ ನಂಬದೆ ಮಲ್ಟಿಮೀಟರ್‌ನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್ ಎರಡೂ ಸೊನ್ನೆ ನೋಡಿ. ಅಭ್ಯಾಸ ಇಲ್ಲದವರು ಲೈಸೆನ್ಸ್ ಇರೋ ವೈರ್‌ಮನ್ ಕರೆಸಿ, ದಯವಿಟ್ಟು.

ಹೊಸಕೆರೆಹಳ್ಳಿ

ಅಣ್ಣ, ರಿಲೇ "ಟಿಕ್" ಅನ್ನುತ್ತೆ ಆದರೆ ಲೈಟ್ ಆರಲ್ಲ. ಇದು ಯಾವ ಬಾಬ್ತು?

ಗ್ಯಾಂಗ್‌ಬಾಕ್ಸ್

ಕಾಂಟ್ಯಾಕ್ಟ್ ಬೆಸುಗೆ ಆಗಿರುತ್ತೆ. ಎಲ್‌ಇಡಿ ಡ್ರೈವರ್ ಆನ್ ಆಗೋ ಕ್ಷಣ ಅದರ ಕೆಪಾಸಿಟರ್ ದೊಡ್ಡ ಕರೆಂಟ್ ಎಳೆಯುತ್ತೆ. ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿದ್ದರೂ ಅದು ಹೀಟರ್ ತರದ ಲೋಡ್‌ಗೆ. ಒಂದೇ ರಿಲೇಗೆ ಹತ್ತು ಹನ್ನೆರಡು ಡ್ರೈವರ್ ಕಟ್ಟಿದರೆ ಹೀಗಾಗುತ್ತೆ. ರಿಲೇ ಬದಲಿಸಿ, ಲೋಡ್ ಎರಡು ರಿಲೇಗೆ ಹಂಚಿ.

ಆಫ್ ಆದ ಮೇಲೂ ಮಬ್ಬಾಗಿ ಉರಿಯೋದು ಬೇರೆ. ಅದು ನ್ಯೂಟ್ರಲ್ ಇಲ್ಲದ ಸ್ವಿಚ್‌ನ ಗುಣ, ತಾನು ಬದುಕೋಕೆ ಲೈಟ್ ಮೂಲಕವೇ ಸ್ವಲ್ಪ ಕರೆಂಟ್ ಹರಿಸುತ್ತೆ. ಅದಕ್ಕೆ ಬೈಪಾಸ್ ಅನ್ನೋ ಪುಟ್ಟ ಭಾಗ ಬರುತ್ತೆ, ಲೈಟ್‌ನ ಫೇಸ್–ನ್ಯೂಟ್ರಲ್ ಅಡ್ಡಲಾಗಿ, ಸೀಲಿಂಗ್ ಕಡೆ ಹಾಕಬೇಕು. ಸ್ವಿಚ್ ಕಡೆ ಅಲ್ಲ.

ಕಬ್ಬಿಣದ ಗ್ಯಾಂಗ್ ಬಾಕ್ಸ್ ಸಿಗ್ನಲ್ ತಿನ್ನುತ್ತೆ. ರಿಲೇಯ ಆಂಟೆನಾ ಕಡೆ ಪ್ಲಾಸ್ಟಿಕ್ ಮುಂಭಾಗಕ್ಕೆ ಮುಖ ಮಾಡಿರಲಿ, ಪ್ಲಗ್‌ನ ಹಿಂದೆ ತುರುಕಬೇಡಿ. ಬಾಕ್ಸ್‌ಗೆ ಅರ್ಥ್ ಕೊಡೋದು ಮರೀಬೇಡಿ.

ಯುಪಿಎಸ್_ಯಲಹಂಕ

ಐದನೇದಕ್ಕೆ ನಾನು. ಕರೆಂಟ್ ಹೋಗಿ ಬಂದಾಗ ಲೈಟ್‌ಗಳು ಪೂರ್ತಿ ಉರಿಯೋದು ಉದ್ದೇಶಪೂರ್ವಕ: ಹಬ್ ಇಲ್ಲದಿದ್ದರೂ ಗೋಡೆ ಸ್ವಿಚ್ ಆಫ್-ಆನ್ ಮಾಡಿದರೆ ಬೆಳಕು ಬರಲಿ ಅಂತ. ಜಿಗ್ಬೀ2ಎಂಕ್ಯೂಟಿಟಿಯಲ್ಲಿ ಪ್ರತಿ ಲೈಟ್‌ಗೂ "ಪವರ್-ಆನ್ ಬಿಹೇವಿಯರ್" ಸೆಟ್ಟಿಂಗ್ ಇದೆ: ಆನ್, ಆಫ್, ಟಾಗಲ್, ಪ್ರೀವಿಯಸ್. ತುಯಾ ಬಲ್ಬ್‌ಗಳಲ್ಲಿ ಕೆಲವಕ್ಕೆ "ಡು ನಾಟ್ ಡಿಸ್ಟರ್ಬ್" ಅಂತ ಇರುತ್ತೆ. ಬೆಡ್‌ರೂಮ್, ಕೋವ್ ಎಲ್ಲ "ಪ್ರೀವಿಯಸ್" ಮಾಡಿ. ಎಲ್ಲವನ್ನೂ "ಆಫ್" ಮಾಡೋದು ನನಗೆ ಒಪ್ಪಿಗೆ ಇಲ್ಲ. ಹಬ್ ಕೆಟ್ಟ ದಿನ ಮನೆ ಪೂರ್ತಿ ಕತ್ತಲೆ. ವಯಸ್ಸಾದವರು ಇರೋ ಮನೆಯಲ್ಲಿ ಪ್ರತಿ ಕೋಣೆಗೆ ಒಂದು ಸಾದಾ ಟ್ಯೂಬ್‌ಲೈಟ್ ಸಾದಾ ಸ್ವಿಚ್‌ನಲ್ಲೇ ಇರಲಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ಕಿರಿಕಿರಿ. ಬೆಸ್ಕಾಂ ಲೈನ್‌ನಿಂದ ಜನರೇಟರ್‌ಗೆ, ಜನರೇಟರ್‌ನಿಂದ ವಾಪಸ್ ಬರುವಾಗ ಕರೆಂಟ್ ಎರಡು ಮೂರು ಸಲ ಮಿನುಗುತ್ತೆ. ಬಹಳ ಬಲ್ಬ್‌ಗಳಿಗೆ "ಬೇಗ ಬೇಗ ಹಲವು ಸಲ ಆನ್-ಆಫ್" ಅಂದರೆ ಫ್ಯಾಕ್ಟರಿ ರೀಸೆಟ್. ಮಳೆಗಾಲದ ಸಂಜೆ ಒಂದಾದ ಮೇಲೊಂದು ಕಡಿತ ಬಂದರೆ ಬಲ್ಬ್ ತಾನೇ ಪೇರಿಂಗ್ ಮೋಡ್‌ಗೆ ಹೋಗಿ ಮಿಟುಕ್ತಾ ಕೂರುತ್ತೆ. ಮೇಲೆ ರಂಗ ಅವರು ಹೇಳಿದ "ಅದೇ ಲೈಟ್ ಉಳಿಯೋದು" ಬಹಳ ಸಲ ಶುರುವಾಗೋದು ಇಲ್ಲಿಂದ. ಆ ಲೈಟ್‌ಗಳ ಸರ್ಕ್ಯೂಟ್ ಇನ್ವರ್ಟರ್ ಮೇಲೆ ಹಾಕಿ, ಇನ್ವರ್ಟರ್‌ನ ಸ್ವಿಚ್ "ಯುಪಿಎಸ್" ಮೋಡ್‌ನಲ್ಲಿ ಇರಲಿ. ಎಕೋ ಮೋಡ್‌ಗಿಂತ ಬೇಗ ಬದಲಾಗುತ್ತೆ.

ಫೈಬರ್ ಬಾಕ್ಸ್, ರೂಟರ್, ಮಿನಿ ಪಿಸಿ ಮೂರೂ ಒಂದೇ ಬ್ಯಾಕಪ್ ಮೇಲೆ ಇರಬೇಕು. ವೈಫೈ ರಿಲೇ, ಮಿನಿ ಪಿಸಿಗೆ ರೂಟರ್‌ನಲ್ಲಿ ಐಪಿ ವಿಳಾಸ ಕಾಯ್ದಿರಿಸಿ. ಇಲ್ಲದಿದ್ದರೆ ಎಲ್ಲ ಒಟ್ಟಿಗೆ ಎದ್ದಾಗ ವಿಳಾಸ ಅದಲು ಬದಲಾಗಿ, ಬಟನ್ ಸರಿ ಇದ್ದರೂ ರಿಲೇ ಸಿಗಲ್ಲ.

ಮಲ್ಲೇಶ್ವರದವ್ಳು

ಮೂರನೇದು ಉಳೀತು, ಎಲ್‌ಇಡಿ. ಹೋಮ್ ಅಸಿಸ್ಟೆಂಟ್‌ನಲ್ಲಿ ಸೀನ್‌ಗೆ ಆನ್, ಆಫ್ ಅನ್ನೋ ಸ್ಥಿತಿಯೇ ಇಲ್ಲ. ಅದರ ಸ್ಥಿತಿ ಅಂದರೆ ಕೊನೇ ಸಲ ಕರೆದ ಸಮಯ, ಅಷ್ಟೇ. ಎಲ್‌ಇಡಿಯನ್ನ ಸೀನ್‌ಗೆ ಕಟ್ಟಿದ್ದರೆ ಅದು ಸರಿಯಾಗಿ ನಡೆಯೋಕೆ ಸಾಧ್ಯವೇ ಇಲ್ಲ.

ಎರಡು ದಾರಿ ಇವೆ. ಒಂದು, ಲೈಟ್‌ಗಳ ನಿಜವಾದ ಮಟ್ಟ ನೋಡೋ ಟೆಂಪ್ಲೇಟ್ ಸೆನ್ಸರ್. ಇಲ್ಲಿ ಜನ ಎಡವೋದು "ಮಟ್ಟ = 77" (255ರ 30%) ಅಂತ ಕಟ್ಟುನಿಟ್ಟಾಗಿ ಬರೆದು. ಹೋಮ್ ಅಸಿಸ್ಟೆಂಟ್ 0–255 ಎಣಿಸುತ್ತೆ, ಜಿಗ್ಬೀ 0–254. ಹೋಗಿ ಬರೋದ್ರಲ್ಲಿ ಒಂದು ಆಚೀಚೆ ಆಗುತ್ತೆ. ಹೆಚ್ಚು ಕಡಿಮೆ 5ರ ಅಂತರ ಬಿಡಿ, ಮತ್ತೆ ಫೇಡ್ ಮುಗಿಯೋವರೆಗೆ 3 ಸೆಕೆಂಡ್ ಕಾಯಿಸಿ. ಇಲ್ಲದಿದ್ದರೆ ಎಲ್‌ಇಡಿ ಮಿಟುಕುತ್ತೆ.

ಇನ್ನೊಂದು, "ಹಾಲ್ ಸ್ಥಿತಿ" ಅಂತ ಒಂದು ಡ್ರಾಪ್‌ಡೌನ್ ಹೆಲ್ಪರ್: ಸಂಜೆ, ಊಟ, ಟಿವಿ, ಆಫ್, ಬೇರೆ. ಬಟನ್ ಒತ್ತಿದಾಗ ಅದು ಬದಲಾಗಲಿ, ಎಲ್‌ಇಡಿಗಳು ಅದನ್ನೇ ಹಿಂಬಾಲಿಸಲಿ, ಯಾರಾದರೂ ಫೋನ್‌ನಿಂದ ಒಂದು ಲೈಟ್ ಬದಲಿಸಿದರೆ "ಬೇರೆ"ಗೆ ಹೋಗಲಿ. ನನಗೆ ಇದೇ ಇಷ್ಟ. "ಎಲ್ಲ ಆಫ್" ಬಟನ್‌ನ ಎಲ್‌ಇಡಿಗೆ ಮಾತ್ರ ನಿಯಮ ಬೇರೆ ಇರಲಿ: ಯಾವ ಲೈಟಾದರೂ ಉರೀತಿದ್ದರೆ ಇದು ಆನ್. ಮಲಗೋಕೆ ಹೋಗುವಾಗ ನೋಡೋದು ಅದೊಂದನ್ನೇ.

ವೈಟ್‌ಫೀಲ್ಡ್_ವಿಲ್ಲಾ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಕೆಎನ್‌ಎಕ್ಸ್ (ಜಿಗ್ಬೀ ಬದಲು ವೈರ್ ಮೇಲೆ ಓಡೋ ವ್ಯವಸ್ಥೆ). ಕೀಪ್ಯಾಡ್‌ನಲ್ಲಿ ಸೀನ್ 3 ಕೊಟ್ಟರೆ ಆಕ್ಚುಯೇಟರ್ (ಲೈಟ್ ನಡೆಸೋ ಘಟಕ) ಸೀನ್ 4 ಮಾಡುತ್ತೆ. ಜೊತೆಗೆ ವಾರಕ್ಕೊಮ್ಮೆ ಯಾವುದೋ ಸೀನ್‌ನ ಮಟ್ಟಗಳೇ ಬದಲಾಗಿರುತ್ತವೆ. ಯಾರೂ ಈಟಿಎಸ್ (ಕೆಎನ್‌ಎಕ್ಸ್ ಹೊಂದಿಸೋ ಸಾಫ್ಟ್‌ವೇರ್) ಮುಟ್ಟಿಲ್ಲ.

ಬಸ್‌ಲೈನ್_ಕೆಎನ್‌ಎಕ್ಸ್

ಎರಡಕ್ಕೂ ಖಚಿತ ಉತ್ತರವಿದೆ.

ಕೆಎನ್‌ಎಕ್ಸ್‌ನಲ್ಲಿ ಸೀನ್‌ಗಳು 1ರಿಂದ 64, ಆದರೆ ಬಸ್ (ಸಾಧನಗಳನ್ನು ಜೋಡಿಸುವ ವೈರ್) ಮೇಲೆ ಹೋಗುವ ಮೌಲ್ಯ 0ಯಿಂದ 63. ಕೆಲವು ಸಾಧನಗಳ ಪ್ಯಾರಾಮೀಟರ್ ಪುಟ 1–64 ತೋರಿಸುತ್ತದೆ, ಕೆಲವು 0–63. ನಿಮ್ಮ ಕೀಪ್ಯಾಡ್ 0ಯಿಂದ ಎಣಿಸುತ್ತಿದೆ, ಆಕ್ಚುಯೇಟರ್ 1ರಿಂದ. ಕೀಪ್ಯಾಡ್‌ನಲ್ಲಿ 2 ಕೊಡಿ, ಆಕ್ಚುಯೇಟರ್‌ನ 3 ಬರುತ್ತದೆ. ಈಟಿಎಸ್‌ನ ಗ್ರೂಪ್ ಮಾನಿಟರ್ ತೆರೆದು ಬಟನ್ ಒತ್ತಿ, ನಿಜವಾಗಿ ಹೋದ ಸಂಖ್ಯೆ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಮಟ್ಟ ತಾನೇ ಬದಲಾಗುವುದು ಲಾಂಗ್ ಪ್ರೆಸ್‌ನಿಂದ. ಸೀನ್ ಕಂಟ್ರೋಲ್‌ನಲ್ಲಿ ಅದೇ ಸಂಖ್ಯೆಗೆ 128 ಸೇರಿಸಿ ಕಳಿಸಿದರೆ "ಈಗಿರುವ ಮಟ್ಟವನ್ನೇ ಈ ಸೀನ್ ಆಗಿ ಉಳಿಸು" ಎಂದು ಅರ್ಥ. ಮಕ್ಕಳೋ ಕೆಲಸದವರೋ ಬಟನ್ ಹೆಚ್ಚು ಹೊತ್ತು ಹಿಡಿದಾಗ ಸೀನ್ ಮೇಲೆ ಹೊಸ ಮಟ್ಟ ಬರೆದುಹೋಗುತ್ತದೆ. ಕೀಪ್ಯಾಡ್‌ನ ಪ್ಯಾರಾಮೀಟರ್‌ನಲ್ಲಿ ಸೀನ್ ಸ್ಟೋರೇಜ್ ನಿಷ್ಕ್ರಿಯ ಮಾಡಿ ಡೌನ್‌ಲೋಡ್ ಮಾಡಿ. ಆಕ್ಚುಯೇಟರ್‌ನಲ್ಲೂ ಕಲಿಯುವ ಅವಕಾಶ ಮುಚ್ಚಿದರೆ ಇನ್ನೂ ಭದ್ರ. ಡೌನ್‌ಲೋಡ್ ಮಾಡುವಾಗ "ಉಳಿಸಿದ ಸೀನ್ ಮೇಲೆ ಬರೆ" ಆಯ್ಕೆ ಆನ್ ಇರಲಿ, ಇಲ್ಲದಿದ್ದರೆ ಕೆಟ್ಟ ಮಟ್ಟವೇ ಮುಂದುವರಿಯುತ್ತದೆ.

ಕೆಳಗೆ ಡಾಲಿ (ದೀಪಗಳ ಡಿಜಿಟಲ್ ನಿಯಂತ್ರಣ ವ್ಯವಸ್ಥೆ) ಇದ್ದರೆ ಒಂದು ಮಾತು. ಅಲ್ಲಿ ಸೀನ್ 16 ಮಾತ್ರ, 0–15, ಮಟ್ಟ 0–254. 255 ಎಂದರೆ "ಈ ಸೀನ್‌ನಲ್ಲಿ ನನ್ನನ್ನು ಮುಟ್ಟಬೇಡ". ಒಂದು ದೀಪ ಯಾವ ಸೀನ್‌ಗೂ ಬದಲಾಗದಿದ್ದರೆ ಅದರ ಸೀನ್ ಮೌಲ್ಯ 255ರಲ್ಲೇ ಇದೆಯೇ ನೋಡಿ.

ವೈಟ್‌ಫೀಲ್ಡ್_ವಿಲ್ಲಾ

ಗ್ರೂಪ್ ಮಾನಿಟರ್‌ನಲ್ಲಿ ಸೀನ್ 3ರ ಬಟನ್‌ಗೆ 3 ಅಂತಲೇ ಹೋಗ್ತಿದೆ, ನೀವು ಹೇಳಿದ ಹಾಗೇ. ಹಿಡಿದಾಗ 131 ಬರ್ತಿದೆ. ಎರಡನ್ನೂ ಬದಲಿಸ್ತಿದ್ದೀನಿ. ತುಂಬಾ ಧನ್ಯವಾದ ಸರ್.

ಬನಶಂಕರಿ_3ನೇಹಂತ

ಸದ್ಯದ ಸ್ಥಿತಿ: ಡಾಂಗಲ್‌ಗೆ ಎಕ್ಸ್‌ಟೆನ್ಷನ್ ಹಾಕಿದ ಮೇಲೆ "ನೋ ಆಕ್" ಸಾಲು ಬಹಳ ಕಡಿಮೆ. ಗ್ರೂಪ್ ಸೀನ್‌ನಲ್ಲಿ 10 ಲೈಟ್ ಒಟ್ಟಿಗೆ ಬರ್ತಿವೆ. ಇಂಡಿಕೇಟರ್ ಸ್ವಿಚ್ ಬದಲಿಸಿದ ಮೇಲೆ ರಿಲೇ ಸುಮ್ಮನಿದೆ. ಉಳಿದಿರೋದು ಒಂದು ಡೌನ್‌ಲೈಟ್: ಗ್ರೂಪ್‌ನಲ್ಲಿ ಇದೆ, ಸೀನ್ ಸ್ಟೋರ್ ಆಗಿದೆ ಅಂತ ತೋರಿಸುತ್ತೆ. ಬ್ರೈಟ್‌ನೆಸ್ ಸರಿ ಬರುತ್ತೆ, ಆದರೆ ಬಣ್ಣ ತಣ್ಣನೆ ಬಿಳಿಯಲ್ಲೇ ಉಳಿಯುತ್ತೆ. ಉಳಿದವು 2700 ಕೆಲ್ವಿನ್.

ರೇಡಿಯೋರಂಗ

ಅದೊಂದು ಬೇರೆ ಬ್ಯಾಚ್ ಅಥವಾ ಬೇರೆ ಕಂಪನಿಯದೇ ಎಂದು ನೋಡಿ. ಕೆಲವು ಬಲ್ಬ್‌ಗಳು ಫೇಡ್ ನಡೆಯುತ್ತಿರುವಾಗ ಬ್ರೈಟ್‌ನೆಸ್, ಬಣ್ಣ ಎರಡನ್ನೂ ಒಟ್ಟಿಗೆ ಮಾಡಲಾರವು. ಮೊದಲು ಬಂದದ್ದನ್ನು ಪಾಲಿಸಿ ಎರಡನೆಯದನ್ನು ಬಿಡುತ್ತವೆ. ಸೀನ್‌ನ ಟ್ರಾನ್ಸಿಷನ್ (ಫೇಡ್‌ನ ಸಮಯ) 0 ಮಾಡಿ ಮತ್ತೆ ಸ್ಟೋರ್ ಮಾಡಿ ನೋಡಿ. ಸರಿ ಹೋದರೆ ಕಾರಣ ಅದೇ. ಹೋಗದಿದ್ದರೆ ಆ ಬಲ್ಬ್‌ನ ಫರ್ಮ್‌ವೇರ್ ಸೀನ್‌ನಲ್ಲಿ ಬಣ್ಣ ಉಳಿಸುವುದೇ ಇಲ್ಲ ಎಂದರ್ಥ. ಆಗ ಜಿಗ್ಬೀ2ಎಂಕ್ಯೂಟಿಟಿಯ ಒಟಿಎ (ಗಾಳಿಯಲ್ಲೇ ಫರ್ಮ್‌ವೇರ್ ಕಳಿಸುವ) ಪುಟದಲ್ಲಿ ಅಪ್‌ಡೇಟ್ ಇದೆಯೇ ಹುಡುಕಿ. ಅದೂ ಇಲ್ಲದಿದ್ದರೆ ಆಟೊಮೇಷನ್‌ನಲ್ಲಿ ಸೀನ್ ಆದ ಎರಡು ಸೆಕೆಂಡಿಗೆ ಆ ಒಂದು ಲೈಟ್‌ಗೆ ಮಾತ್ರ ಬಣ್ಣದ ಆಜ್ಞೆ ಪ್ರತ್ಯೇಕ ಕಳಿಸಿ. ಒಂದೇ ಹೆಚ್ಚುವರಿ ಸಂದೇಶ, ಜಾಲಕ್ಕೆ ಭಾರವಾಗುವುದಿಲ್ಲ.

ಬನಶಂಕರಿ_3ನೇಹಂತ

ಟ್ರಾನ್ಸಿಷನ್ 0 ಮಾಡಿ ಸ್ಟೋರ್ ಮಾಡಿದೆ, ಈಗ ಬಣ್ಣ ಸರಿ ಬರ್ತಿದೆ. ಮಾಡೆಲ್ ನಂಬರ್ ಉಳಿದ ಏಳಕ್ಕಿಂತ ಬೇರೆಯೇ ಇದೆ. ಆ ಒಂದಕ್ಕೆ ಮಾತ್ರ ಫೇಡ್ ಇಲ್ಲದ ಸೀನ್, ಉಳಿದವಕ್ಕೆ 1 ಸೆಕೆಂಡ್ ಫೇಡ್ ಕೊಡೋಕೆ ಆಗುತ್ತಾ?

ರೇಡಿಯೋರಂಗ

ಆಗುತ್ತದೆ. ಟ್ರಾನ್ಸಿಷನ್ ಸಮಯವೂ ಪ್ರತಿ ಬಲ್ಬ್‌ನೊಳಗೆ ಸೀನ್ ಜೊತೆಗೇ ಉಳಿಯುತ್ತದೆ. ಮೊದಲು ಇಡೀ ಗ್ರೂಪ್‌ಗೆ "ಸೀನ್ ಆಡ್" ಆಜ್ಞೆಯಲ್ಲಿ ಟ್ರಾನ್ಸಿಷನ್ 1 ಕೊಡಿ. ಆಮೇಲೆ ಆ ಒಂದು ಲೈಟ್‌ನ ಹೆಸರಿಗೆ ಮಾತ್ರ ಅದೇ ಗ್ರೂಪ್ ಸಂಖ್ಯೆ, ಅದೇ ಸೀನ್ ಸಂಖ್ಯೆ ಹಾಕಿ ಟ್ರಾನ್ಸಿಷನ್ 0 ಕಳಿಸಿ. ಮೇಲಿನದನ್ನು ಅದು ತನ್ನೊಳಗೆ ಅಳಿಸಿ ಬರೆದುಕೊಳ್ಳುತ್ತದೆ. "ಸೀನ್ ಆಡ್"ನಲ್ಲಿ ಮಟ್ಟ, ಬಣ್ಣವನ್ನೂ ನೀವೇ ಬರೆಯಬೇಕು, ಈಗ ಉರಿಯುತ್ತಿರುವುದನ್ನು ಅದು ತೆಗೆದುಕೊಳ್ಳುವುದಿಲ್ಲ. ಗ್ರೂಪ್‌ಗೆ ಒಂದೇ ಮಟ್ಟ ಹೋಗುವುದರಿಂದ ಕೋವ್ ಮತ್ತು ಹ್ಯಾಂಗಿಂಗ್ ಲೈಟ್‌ಗೂ ಇದೇ ರೀತಿ ಅವುಗಳ 60%, 45% ಅನ್ನು ಪ್ರತ್ಯೇಕವಾಗಿ ಕೊಡಿ.